ಇಪ್ಪತ್ತೊಂದು ನಿಮಿಷದ ದಾರಿ

ಅಳತೆಯ ವಿಷಯದಲ್ಲಿ ನಮ್ಮ ಟೇಲರ್‌ಗೆ ಸರಿಸಾಟಿ ಇರಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದವನನ್ನು ಒಂದು ಸಲ ನೋಡಿದರೆ ಸಾಕು, ‘ಎದೆ ಮೂವತ್ತೆಂಟು, ಸೊಂಟ ಮೂವತ್ತಾರು, ಎಡ ಭುಜ ಅರ್ಧ ಇಂಚು ಇಳಿದಿದೆ’ ಎಂದು ಕಣ್ಣಲ್ಲೇ ಅಳೆದುಬಿಡುತ್ತಿದ್ದ. ಆಮೇಲೆ ಟೇಪು ಹಿಡಿದು ನೋಡಿದರೆ ಕೂದಲೆಳೆಯಷ್ಟೂ ಆಚೀಚೆ ಆಗಿರುತ್ತಿರಲಿಲ್ಲ. ಆದರೆ ದೇವರು ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿದ್ದ. ಇಂಚು ಗೊತ್ತಿದ್ದ ಆ ಮನುಷ್ಯನಿಗೆ ದಿನ ಗೊತ್ತಿರಲಿಲ್ಲ. ಸೋಮವಾರ ಕೊಡುತ್ತೇನೆ ಅಂದ ಪ್ಯಾಂಟು ಅದರ ಮುಂದಿನ ಸೋಮವಾರ ಸಿಕ್ಕರೆ ಆ ಗಿರಾಕಿ ಪುಣ್ಯವಂತ.

ಕೇಳಲು ಹೋದವರಿಗೆಲ್ಲ ಅವನದು ಒಂದೇ ಉತ್ತರ: “ಇನ್ನೇನು, ಆಗೇಹೋಯ್ತು. ಗುಂಡಿ ಹಚ್ಚೋದೊಂದೇ ಬಾಕಿ.” ಕತ್ತರಿಯ ಮುಖವನ್ನೇ ನೋಡದ ಬಟ್ಟೆಗೂ ಗುಂಡಿಯೊಂದೇ ಬಾಕಿ. ಒಮ್ಮೆ ಯಾರದೋ ಷರ್ಟಿನ ಬಟ್ಟೆಯನ್ನು ಇಲಿ ತಿಂದುಹಾಕಿತ್ತು. ಅದಕ್ಕೂ ಗುಂಡಿಯೊಂದೇ ಬಾಕಿ ಅಂದಿದ್ದ. ಬೀದಿಯವರು ಅವನಿಗೆ ಗುಂಡಿ ಟೇಲರ್ ಅಂತಲೇ ಹೆಸರಿಟ್ಟಿದ್ದರು. ಅವನೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಗುಂಡಿ ಹಚ್ಚುವುದರಲ್ಲಿ ತನ್ನ ಕೈಗುಣ ನೋಡಿ ಇಟ್ಟ ಹೆಸರು ಅಂತ ಅವನ ನಂಬಿಕೆ.

ಈ ಗುಂಡಿಯ ಮಾತಿಗೆ ಮೊಟ್ಟಮೊದಲು ಬಲಿಯಾದವಳು ಅವನ ಒಡಹುಟ್ಟಿದ ಅಕ್ಕ. ಇಪ್ಪತ್ತಾರು ವರ್ಷದ ಹಿಂದೆ, ಅಕ್ಕನ ಮದುವೆಯ ಉಡುಪು ನಾನೇ ಹೊಲಿಯೋದು ಅಂತ ಎದೆ ತಟ್ಟಿ ಹೇಳಿದವನು, ಮದುವೆ ಮುಗಿದು ನೆಂಟರು ಎರಡನೇ ಪಂಕ್ತಿ ಊಟಕ್ಕೆ ಕೂತಾಗ ಏದುಸಿರು ಬಿಡುತ್ತ ಬಂದಿದ್ದ. ಅಷ್ಟರಲ್ಲಿ ಅಕ್ಕ ಪಕ್ಕದ ಮನೆಯ ಭಾರೀ ಹೆಂಗಸಿನ ಉಡುಪು ಎರವಲು ತೊಟ್ಟು ಮದುವೆ ಮಾಡಿಕೊಂಡಾಗಿತ್ತು. ಫೋಟೋದಲ್ಲಿ ಅದರ ತೋಳು ಬೆರಳ ತುದಿಯನ್ನೂ ದಾಟಿ ಇಳಿದು, ಹುಡುಗಿಗೆ ಕೈಗಳಿವೆಯೋ ಇಲ್ಲವೋ ಅಂತ ನೋಡಿದವರು ಅನುಮಾನ ಪಡುವ ಹಾಗಿತ್ತು. ಅಕ್ಕ ಆ ಫೋಟೋಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಳು. ತಮ್ಮ ಬಂದರೆ ಅವನನ್ನು ಕೂರಿಸುತ್ತಿದ್ದ ಕುರ್ಚಿಯ ಎದುರಿಗೇ, ಕಣ್ಣಿಗೆ ಸರಿಸಮನಾಗಿ.

ಈಗ ಆ ಅಕ್ಕನ ಮಗಳು ವಕೀಲೆ ಆಗಿದ್ದಳು. ಹೊಸ ವಕೀಲರೆಲ್ಲ ಕರಿ ಕೋಟು ತೊಟ್ಟು ನ್ಯಾಯಾಧೀಶರ ಮುಂದೆ ಕೈಯೆತ್ತಿ ಪ್ರಮಾಣವಚನ ಸ್ವೀಕರಿಸಬೇಕು. ಕೋಟಿಲ್ಲದೆ ಬಂದವರನ್ನು ಒಳಗೇ ಬಿಡುವುದಿಲ್ಲ. ಅಕ್ಕ ಮೊದಲೇ ಹೇಳಿದ್ದಳು, ಅಂಗಡಿಯಲ್ಲಿ ರೆಡಿ ಕೋಟು ಸಿಗುತ್ತೆ, ಸುಮ್ಮನಿರೇ ಅಂತ. ಹುಡುಗಿ ಕೇಳಲಿಲ್ಲ. “ನನ್ನ ಮೊದಲ ಕೋಟು ಮಾವನೇ ಹೊಲೀಬೇಕು” ಅಂತ ಹಟ ಹಿಡಿದು, ಐದು ತಿಂಗಳ ಹಿಂದೆ ಬಂದು ಅಳತೆ ಕೊಟ್ಟು, ಕರಿ ಬಟ್ಟೆಯನ್ನೂ ಕೊಟ್ಟು ಹೋಗಿದ್ದಳು.

ಆಮೇಲೆ ಅಕ್ಕನ ಫೋನು ಬಂತು.

“ನೋಡೋ, ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪ್ರಮಾಣವಚನ. ಅಷ್ಟರೊಳಗೆ ಕೋಟು ಅವಳ ಮೈಮೇಲಿರಬೇಕು. ನನ್ನ ಹಾಗೆ ನನ್ನ ಮಗಳೂ ಎರವಲು ಬಟ್ಟೆ ತೊಟ್ಟು ನಿಂತಳೋ, ನೀನು ಈ ಮನೆ ಹೊಸಿಲು ತುಳೀಬೇಡ. ನಾನು ಸತ್ತಾಗಲೂ ಬರಬೇಡ.”

“ಅಯ್ಯೋ, ಬಿಡ್ತು ಅನ್ನಕ್ಕ! ಕೋಟು ಆಗೇಹೋಯ್ತು. ಗುಂಡಿ ಹಚ್ಚೋದೊಂದೇ…”

ಅಕ್ಕ ಪೂರ್ತಿ ಕೇಳಿಸಿಕೊಳ್ಳದೆ ಫೋನಿಟ್ಟಳು.

ಆ ಬುಧವಾರಕ್ಕೆ ಎರಡು ದಿನ ಮುಂಚೆ, ಸೋಮವಾರ ಮಧ್ಯಾಹ್ನ, ಆ ಕೋಟಿಗೆ ಒಂದೇ ತೋಳಿತ್ತು. ಅದನ್ನು ಎತ್ತಿ ಹಿಡಿದು ನೋಡಿದ ಹೆಂಡತಿ ಹಣೆ ಚಚ್ಚಿಕೊಂಡಳು. “ನಿಮ್ಮಕ್ಕನ ಊರಿಗೆ ಬಸ್ಸಿನಲ್ಲಿ ಒಂಬತ್ತು ಗಂಟೆ ದಾರಿ. ಬೆಟ್ಟ ಸುತ್ತಿಕೊಂಡು ಹೋಗಬೇಕು. ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಟರೂ ಸರಿ, ಇವತ್ತು ಕೂತು ಇದನ್ನ ಮುಗಿಸಿ ಮಾರಾಯ್ರೇ!”

“ಬಸ್ಸು ಯಾರಿಗೆ ಬೇಕು?” ಅಂದ ಟೇಲರ್, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. “ನಾನು ವಿಮಾನದಲ್ಲಿ ಹೋಗ್ತೀನಿ.”

ಊರಾಚೆ ಒಂದು ಪುಟ್ಟ ವಿಮಾನ ನಿಲ್ದಾಣವಿತ್ತು. ಅಕ್ಕನ ಊರಲ್ಲೂ ಅಂಥದೇ ಇನ್ನೊಂದು. ಎರಡರ ನಡುವೆ ಎರಡು ತಿಂಗಳಿಂದ ದಿನಕ್ಕೊಂದು ವಿಮಾನ ಶುರುವಾಗಿತ್ತು. ಟಿಕೆಟ್ಟಿನ ಮೇಲೆ ಹೊರಡುವುದು ಒಂಬತ್ತು, ತಲುಪುವುದು ಹತ್ತೂ ಐದು ಅಂತ ಅಚ್ಚಾಗಿತ್ತು. ಅಷ್ಟನ್ನು ಓದಿಕೊಂಡು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಳೆಯುವ ಕೈ ಸುಮ್ಮನಿರುತ್ತದೆಯೇ?

ಮಂಗಳವಾರ ಬೆಳಿಗ್ಗೆ ಅಂಗಡಿಯಲ್ಲಿ ಕತ್ತರಿಸುವ ಮೇಜಿನ ಮೇಲೆ ಶಾಲೆ ಮಕ್ಕಳ ಭೂಪಟದ ಪುಸ್ತಕ ಬಿಚ್ಚಿಕೊಂಡಿತ್ತು. ಕೋಟನ್ನು ಪಕ್ಕಕ್ಕೆ ಸರಿಸಲಾಗಿತ್ತು. ಪಕ್ಕದ ಕ್ಷೌರದಂಗಡಿಯವನು ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದಿದ್ದ. ದಿನಾ ಪತ್ರಿಕೆ ಓದಲು ಬರುತ್ತಿದ್ದ ನಿವೃತ್ತ ಸ್ಟೇಷನ್ ಮಾಸ್ತರು ಸ್ಟೂಲಿನ ಮೇಲೆ ಕೂತಿದ್ದರು.

ಟೇಲರ್ ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಟೇಪು ಎಳೆದ. ಒಂದು ಕಣ್ಣು ಮುಚ್ಚಿ ನೋಡಿದ. “ಎರಡೂವರೆ ಇಂಚು, ಮೇಲೊಂದು ಗೆರೆ. ಇಂಚಿಗೆ ಎಂಬತ್ತು ಕಿಲೋಮೀಟರು ಅಂತ ಕೆಳಗೆ ಬರೆದಿದ್ದಾರೆ. ಇನ್ನೂರ ಹತ್ತು ಕಿಲೋಮೀಟರು. ವಿಮಾನ ಎಷ್ಟು ಜೋರಾಗಿ ಹೋಗುತ್ತೆ?”

“ಗಂಟೆಗೆ ಆರುನೂರು,” ಅಂದ ಕ್ಷೌರದವನು. ಅವನ ಭಾವಮೈದ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಹಾಗಾಗಿ ಆಕಾಶದ ವ್ಯವಹಾರದಲ್ಲಿ ಆ ಬೀದಿಗೆಲ್ಲ ಇವನದೇ ಕೊನೇ ಮಾತು.

ಟೇಲರ್ ಚಾಕ್ ತೆಗೆದುಕೊಂಡು ಕೈಗೆ ಸಿಕ್ಕ ಬಟ್ಟೆಯ ಮೇಲೆ ಲೆಕ್ಕ ಮಾಡಿದ. ಅದು ಕ್ಷೌರದವನದೇ ಪ್ಯಾಂಟಿನ ಬಟ್ಟೆ, ಮೂರು ವಾರದಿಂದ ಗುಂಡಿಯೊಂದೇ ಬಾಕಿ ಇದ್ದದ್ದು. “ಇಪ್ಪತ್ತೊಂದು ನಿಮಿಷ!”

“ಟಿಕೆಟ್ಟಲ್ಲಿ ಅರವತ್ತೈದು ನಿಮಿಷ ಅಂತಿದೆಯಲ್ಲಯ್ಯ,” ಅಂದರು ಮಾಸ್ತರು.

ಟೇಲರ್ ಕರುಣೆಯಿಂದ ನಕ್ಕ. “ಮಾಸ್ತರೇ, ನೀವು ರೈಲಿನವರು, ನಿಮಗಿದು ಗೊತ್ತಾಗಲ್ಲ. ನಾವು ಬಟ್ಟೆ ಹೊಲಿಯುವಾಗ ಒಳಗಡೆ ಒಂದಿಂಚು ಬಿಟ್ಟಿರ್ತೀವಿ. ಹೊರಗಿಂದ ಕಾಣಲ್ಲ. ನಾಳೆ ಗಿರಾಕಿಗೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡೋಕೆ. ವಿಮಾನದವರೂ ಹಾಗೇ. ಇಪ್ಪತ್ತೊಂದು ಮೈಯಳತೆ. ಮಿಕ್ಕಿದ ನಲವತ್ತನಾಲ್ಕು ಒಳಗೆ ಬಿಟ್ಟಿರೋ ಬಟ್ಟೆ!”

“ಲೋ, ಅದು ಹೊರಡೋಕೆ ಮುಂಚೆ ನಿಲ್ಲಬೇಕು, ಹೋಗಿ ಇಳಿಯೋಕೆ ಮುಂಚೆ ಕಾಯಬೇಕು, ಆ ಕಡೆ ಜಾಗ ಖಾಲಿ ಇರಬೇಕು. ಮೂವತ್ನಾಲ್ಕು ವರ್ಷ ಸಿಗ್ನಲ್ ಕಂಬ ನೋಡಿಕೊಂಡು ಬಂದವನು ನಾನು…”

“ಆಕಾಶದಲ್ಲಿ ಎಲ್ಲಿದೆ ಸ್ವಾಮಿ ಸಿಗ್ನಲ್ ಕಂಬ?”

ಕ್ಷೌರದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮಾಸ್ತರು ಪತ್ರಿಕೆ ಮಡಚಿ ಎದ್ದರು. “ನಿನ್ನಂಥವನಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ,” ಅಂದು ಚಪ್ಪಲಿ ಮೆಟ್ಟಿ ಹೊರಟುಹೋದರು.

ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಇಪ್ಪತ್ತೊಂದು ನಿಮಿಷದ ಸುದ್ದಿ ಹಬ್ಬಿತ್ತು. ಟೇಲರ್ ಅಕ್ಕನಿಗೆ ಫೋನು ಮಾಡಿ, “ಒಂಬತ್ತಕ್ಕೆ ಹಾರ್ತೀನಿ, ಒಂಬತ್ತೂ ಇಪ್ಪತ್ತೊಂದಕ್ಕೆ ನಿಮ್ಮೂರಲ್ಲಿ ಇಳೀತೀನಿ. ನೀನು ಕಾಫಿ ಸೋಸೋ ಅಷ್ಟರಲ್ಲಿ ನಾನು ಬಾಗಿಲಲ್ಲಿ,” ಅಂದ.

“ಆಯ್ತಪ್ಪ,” ಅಂದಳು ಅಕ್ಕ. ಬೈಯಲಿಲ್ಲ, ಕೂಗಾಡಲಿಲ್ಲ. ಅದೇ ಅವನಿಗೆ ಸ್ವಲ್ಪ ವಿಚಿತ್ರ ಅನ್ನಿಸಿತು.

ಮಂಗಳವಾರ ಸಂಜೆಗೆ ಎರಡನೇ ತೋಳು ಬಂತು, ಕಾಲರು ಬಂತು, ಲೈನಿಂಗ್ ಬಂತು, ಗುಂಡಿ ತೂರುವ ಕಾಜಾಗಳೂ ಆದವು. ಎಂಥ ಕೋಟು ಅಂತೀರಿ! ಕೆಲಸದಲ್ಲಿ ಮಾತ್ರ ಅವನನ್ನು ಯಾರೂ ಬೆರಳೆತ್ತಿ ತೋರಿಸುವ ಹಾಗಿರಲಿಲ್ಲ. ಇನ್ನು ಅವನ ಜೀವನದಲ್ಲೇ ಮೊದಲ ಬಾರಿಗೆ, ನಿಜವಾಗಿಯೂ, ಗುಂಡಿ ಹಚ್ಚುವುದೊಂದೇ ಬಾಕಿ ಉಳಿದಿತ್ತು. ಎದೆಗೆ ಮೂರು, ತೋಳಿಗೆ ನಾಲ್ಕು ನಾಲ್ಕು, ಒಟ್ಟು ಹನ್ನೊಂದು.

“ಅರ್ಧ ಗಂಟೆ ಕೆಲಸ, ಈಗಲೇ ಹಚ್ಚಿಬಿಡಿ,” ಅಂದಳು ಹೆಂಡತಿ.

“ಇಪ್ಪತ್ತೊಂದು ನಿಮಿಷ ವಿಮಾನದಲ್ಲಿ ಸುಮ್ಮನೆ ಕೂತಿರಲಾ? ಗುಂಡಿಗೆ ಎರಡು ನಿಮಿಷ. ಹನ್ನೊಂದಕ್ಕೆ ಇಪ್ಪತ್ತೆರಡು. ಒಂದು ನಿಮಿಷ ಕಮ್ಮಿ ಬೀಳುತ್ತೆ. ಕೊನೇದನ್ನ ವಿಮಾನದ ಮೆಟ್ಟಿಲಿಳೀತಾ ಹಚ್ಚಿದರಾಯ್ತು.” ಇಷ್ಟು ಹೇಳಿ, ಒಳ್ಳೇ ಲೆಕ್ಕಿಗನ ಸಮಾಧಾನದಿಂದ ಮಲಗಿ ಗೊರಕೆ ಹೊಡೆದ.

ಬುಧವಾರ ಬೆಳಿಗ್ಗೆ ವಿಮಾನ ನಿಲ್ದಾಣದ ತಪಾಸಣೆ ಯಂತ್ರದಿಂದ ಅವನ ಕೈಚೀಲ ಹೊರಬರಲೇ ಇಲ್ಲ. ಒಬ್ಬ ಅಧಿಕಾರಿ ಅದರೊಳಗೆ ಕೈ ಹಾಕಿ ಒಂಬತ್ತು ಇಂಚಿನ ಕಬ್ಬಿಣದ ಕತ್ತರಿಯನ್ನು ಎಳೆದ.

“ಏನ್ರೀ ಇದು?”

“ಕತ್ತರಿ ಸಾರ್.”

“ಕತ್ತರಿ ಅಂತ ನನಗೂ ಕಾಣುತ್ತೆ. ಇದನ್ನ ಇಟ್ಟುಕೊಂಡು ವಿಮಾನ ಹತ್ತೋ ಹಾಗಿಲ್ಲ.”

“ಮೂವತ್ತು ವರ್ಷದಿಂದ ಇದು ನನ್ನ ಕೈ ಬಿಟ್ಟಿಲ್ಲ ಸಾರ್. ಬಟ್ಟೆ ಬಿಟ್ಟು ಬೇರೆ ಏನನ್ನೂ ಕತ್ತರಿಸಿದ್ದಿಲ್ಲ. ಬೇಕಾದರೆ ನೋಡಿ, ನಿಮ್ಮ ಯೂನಿಫಾರಂ ಹೊಲಿದವನು ಯಾರೋ ಗೊತ್ತಿಲ್ಲ, ಬೆನ್ನಲ್ಲಿ ಮುಕ್ಕಾಲು ಇಂಚು ಹೆಚ್ಚಿದೆ. ಹತ್ತು ನಿಮಿಷ ಕೊಟ್ಟರೆ…”

ಅಧಿಕಾರಿ ತನ್ನ ಬೆನ್ನು ಮುಟ್ಟಿ ನೋಡಿಕೊಂಡು ಇನ್ನಷ್ಟು ಕೆಂಪಾದ. ಹಿಂದೆ ಸಾಲಿನಲ್ಲಿದ್ದವರು, “ಬೇಗ ಮುಗಿಸ್ರೀ, ನಿಮ್ಮೊಬ್ಬರದೇ ವಿಮಾನ ಅಲ್ಲ!” ಅಂತ ಗದರಿದರು. ಕೊನೆಗೆ ಸೂಜಿ, ದಾರ, ಟೇಪಿಗೆ ಅಪ್ಪಣೆ ಸಿಕ್ಕಿತು. ಕತ್ತರಿಗೆ ಒಂದು ಚೀಟಿ ಸಿಕ್ಕಿತು.

“ಇದನ್ನ ಯಾವಾಗ ವಾಪಸ್ ಕೊಡ್ತೀರಿ ಸಾರ್?”

“ಶುಕ್ರವಾರ ಬನ್ನಿ, ಕೊಡ್ತೀವಿ,” ಅಂದ ಅಧಿಕಾರಿ, ಮುಖ ಎತ್ತದೆ. ಆ ದನಿ ಟೇಲರ್‌ಗೆ ಎಲ್ಲೋ ಕೇಳಿದ ಹಾಗಿತ್ತು. ಅವನೇ ದಿನಾ ಗಿರಾಕಿಗಳ ಹತ್ತಿರ ಮಾತಾಡುವ ದನಿ ಅದು.

ವಿಮಾನದಲ್ಲಿ ಅವನ ಪಕ್ಕ ಕೂತವರು ಒಬ್ಬ ಹಲ್ಲಿನ ಡಾಕ್ಟರು. ಒಂಬತ್ತು ಗಂಟೆಯಾಯಿತು, ಬಾಗಿಲು ಮುಚ್ಚಿತು. ಆದರೆ ವಿಮಾನ ಕದಲಲಿಲ್ಲ. ಆ ಕಡೆ ಊರಲ್ಲಿ ಮಂಜು ಕವಿದಿದೆ, ಅನುಮತಿ ಬಂದಿಲ್ಲ ಅಂತ ಘೋಷಣೆ ಬಂತು. ಒಂಬತ್ತೂಕಾಲು. ಒಂಬತ್ತೂ ಇಪ್ಪತ್ತೊಂದು. ಲೆಕ್ಕದ ಪ್ರಕಾರ ಈಗ ಅಕ್ಕನ ಊರಲ್ಲಿ ಇಳಿಯುತ್ತಿರಬೇಕಾದ ಮನುಷ್ಯ, ತನ್ನದೇ ಊರಿನ ಹುಲ್ಲು ನೋಡುತ್ತ ಕೂತಿದ್ದ. ತೊಡೆಯ ಮೇಲೆ ಕೋಟು, ಅಂಗೈಯಲ್ಲಿ ಹನ್ನೊಂದು ಗುಂಡಿ.

“ಹೊಲಿಯೋದಿದ್ದರೆ ಈಗಲೇ ಹೊಲಿದುಬಿಡಬಹುದಲ್ಲ,” ಅಂದರು ಡಾಕ್ಟರು.

“ಈಗ ಹೊಲಿದರೆ ಹಾರುವಾಗ ಏನು ಮಾಡಲಿ?” ಅಂದ ಟೇಲರ್. ಡಾಕ್ಟರು ಕಿಟಕಿಯ ಕಡೆ ತಿರುಗಿಕೊಂಡರು.

ಒಂಬತ್ತೂ ಐವತ್ತಕ್ಕೆ ವಿಮಾನ ಹಾರಿತು. ಚಕ್ರ ನೆಲ ಬಿಟ್ಟ ಕ್ಷಣವೇ ಟೇಲರ್ ಗಡಿಯಾರ ನೋಡಿಕೊಂಡು ಸೂಜಿಗೆ ಕೈ ಹಾಕಿದ. ಆಮೇಲೆ ಅವನ ಬೆರಳುಗಳ ಓಟವನ್ನು ನೋಡಬೇಕಿತ್ತು. ಚುಚ್ಚು, ಎಳೆ, ಸುತ್ತು, ಹಲ್ಲಲ್ಲಿ ದಾರ ಕಡಿ. ಕತ್ತರಿಯಿಲ್ಲದ್ದಕ್ಕೆ ಹಲ್ಲೇ ಗತಿ. ಒಂದೊಂದು ದಾರ ಕಡಿಯುವಾಗಲೂ ಪಕ್ಕದ ಡಾಕ್ಟರು ಮುಖ ಕಿವುಚಿಕೊಳ್ಳುತ್ತಿದ್ದರು. ಎದೆಯ ಮೂರು ಮುಗಿದವು, ಎಡ ತೋಳಿನ ನಾಲ್ಕು ಮುಗಿದವು, ಬಲ ತೋಳಿನ ಮೂರು ಮುಗಿದವು. ಇಪ್ಪತ್ತು ನಿಮಿಷಕ್ಕೆ ಹತ್ತು ಗುಂಡಿ, ಲೆಕ್ಕಕ್ಕೆ ಸರಿಯಾಗಿ. ಹನ್ನೊಂದನೆಯದನ್ನು ಬೆರಳ ನಡುವೆ ಹಿಡಿದು, ಕೋಟು ಹೆಗಲ ಮೇಲೆ ಹಾಕಿ, ಇಪ್ಪತ್ತೊಂದನೇ ನಿಮಿಷಕ್ಕೆ ಟೇಲರ್ ಎದ್ದು ನಿಂತ. ಸೀಟುಗಳನ್ನು ಹಿಡಿದುಕೊಂಡು ನೇರ ಬಾಗಿಲಿನ ಕಡೆ ನಡೆದ.

ಗಗನಸಖಿ ಓಡಿ ಬಂದಳು. “ಸಾರ್, ಎಲ್ಲಿಗೆ ಹೊರಟ್ರಿ? ಬಾತ್‌ರೂಮು ಹಿಂದುಗಡೆ ಇದೆ.”

“ಬಾತ್‌ರೂಮಿಗಲ್ಲಮ್ಮ. ಇಳಿಯೋಕೆ. ಊರು ಬಂತಲ್ಲ.”

“ಇಳಿ… ಸಾರ್, ನಾವು ಇನ್ನೂ ಆಕಾಶದಲ್ಲಿದ್ದೀವಿ!”

“ಅದು ನಿಮ್ಮ ತಪ್ಪು. ಇಪ್ಪತ್ತೊಂದು ನಿಮಿಷ ಆಯ್ತು. ಇನ್ನೂರ ಹತ್ತು ಕಿಲೋಮೀಟರು ನಾನೇ ಅಳೆದಿದ್ದೀನಿ!”

ಅಷ್ಟರಲ್ಲಿ ವಿಮಾನ ಒಂದು ಸಲ ಜೋರಾಗಿ ಕುಲುಕಿತು. ಟೇಲರ್ ಒಬ್ಬ ಅಜ್ಜಿಯ ತೊಡೆಯ ಮೇಲೆ ಕೂತ. ಕೈಯಲ್ಲಿದ್ದ ಗುಂಡಿ ಹಾರಿ ನೆಲಕ್ಕೆ ಬಿದ್ದು, ಉರುಳಿ ಉರುಳಿ, ಸೀಟುಗಳ ಕೆಳಗೆ ಎಲ್ಲೋ ಮಾಯವಾಯಿತು. “ನನ್ನ ಗುಂಡಿ!” ಅಂತ ಅವನು, “ನನ್ನ ಮಂಡಿ!” ಅಂತ ಅಜ್ಜಿ, ಇಬ್ಬರೂ ಒಟ್ಟಿಗೆ ಕೂಗಿಕೊಂಡರು. ಹದಿನೈದು ಜನ ಕಾಲೆತ್ತಿ ಹುಡುಕಿದರು. ಒಂದು ಪೆನ್ನಿನ ಮುಚ್ಚಳ ಸಿಕ್ಕಿತು, ಗುಂಡಿ ಸಿಗಲಿಲ್ಲ.

ಗಗನಸಖಿ ಅವನನ್ನು ಎಳೆದು ತಂದು ಸೀಟಿಗೆ ಕಟ್ಟಿದಳು. ಕಟ್ಟಿದ್ದು ಬೆಲ್ಟಿನಿಂದಲೇ ಆದರೂ, ನೋಡಿದವರಿಗೆ ಕಳ್ಳನನ್ನು ಕಂಬಕ್ಕೆ ಕಟ್ಟಿದ ಹಾಗೆ ಕಂಡಿತು.

ಅಲ್ಲಿಂದಾಚೆ ಅವನ ನಿಜವಾದ ಸಂಕಟ ಶುರುವಾಯಿತು. ಮಂಜು ಸರಿದಿತ್ತು, ಅಕ್ಕನ ಊರು ಕೆಳಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಇಳಿಯಲು ಇವರಿಗಿಂತ ಮುಂಚೆ ಬೇರೆಯವರ ಸರದಿ ಇತ್ತು. ವಿಮಾನ ಊರಿನ ಸುತ್ತ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಹಸಿರು ಬಣ್ಣದ ನೀರಿನ ಟ್ಯಾಂಕೊಂದನ್ನು ಟೇಲರ್ ಮೊದಲು ಎಡಗಡೆ ನೋಡಿದ. ಆಮೇಲೆ ಮತ್ತೆ ನೋಡಿದ. ಐದನೇ ಸಲ ನೋಡಿದಾಗ ಅದರ ಏಣಿಗೆ ಎಷ್ಟು ಮೆಟ್ಟಿಲು ಅಂತ ಎಣಿಸಿಯೂ ಆಗಿತ್ತು. ಸಿಗ್ನಲ್ ಕಂಬದ ಮಾತಾಡಿದ್ದ ಮಾಸ್ತರು ನೆನಪಾದರು. ಎದುರಿಗೆ ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದನೋ, ಕೋಪಕ್ಕೆ ಹೊಡೆಯುತ್ತಿದ್ದನೋ, ಅವನಿಗೇ ಗೊತ್ತಿರಲಿಲ್ಲ.

“ಅಮ್ಮಾ ತಾಯಿ, ಊರು ಕಾಲ ಕೆಳಗೇ ಇದೆಯಲ್ಲ! ಹನ್ನೊಂದು ಗಂಟೆಗೆ ನನ್ನಕ್ಕನ ಮಗಳು ಕೋಟಿಲ್ಲದೆ ನಿಂತಿರ್ತಾಳೆ. ಇನ್ನೆಷ್ಟು ಹೊತ್ತು?”

ಗಗನಸಖಿ ಹಲ್ಲು ತೋರಿಸಿ ನಕ್ಕಳು. “ಐದೇ ನಿಮಿಷ ಸಾರ್. ಇನ್ನೇನು, ಇಳಿದೇಬಿಟ್ವಿ.”

ಟೇಲರ್ ಕಣ್ಣು ಮುಚ್ಚಿಕೊಂಡ. ಈ ಐದು ನಿಮಿಷದ ಉದ್ದ ಎಷ್ಟು ಅಂತ ಲೋಕದಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ವಿಮಾನ ಇಳಿದಾಗ ಹನ್ನೊಂದೂ ಐದು. ನಿಲ್ದಾಣದಿಂದ ಊರಿಗೆ ಇಪ್ಪತ್ತೆಂಟು ಕಿಲೋಮೀಟರು. ಅದನ್ನು ಅವನು ಅಳೆದೇ ಇರಲಿಲ್ಲ. ಅಕ್ಕನಿಗೆ ನಾಲ್ಕು ಸಲ ಫೋನು ಮಾಡಿದ, ಎತ್ತಲಿಲ್ಲ. ಕೋರ್ಟಿಗೆ ಬಿಡು ಅಂದರೆ ಟ್ಯಾಕ್ಸಿಯವನು, “ಯಾವ ಕೋರ್ಟು? ಇಲ್ಲಿ ನಾಲ್ಕಿವೆ,” ಅಂದ. ದಿಕ್ಕು ತೋಚದೆ ಟೇಲರ್ ಅಕ್ಕನ ಮನೆಯ ವಿಳಾಸ ಹೇಳಿ, ಕೋಟನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತ. ಅಕ್ಕನ ಮಗಳು ಎರವಲು ಕೋಟಿನಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟಿತ್ತು. ಹುಡುಗಿ ನನ್ನನ್ನ ನಂಬಿದ್ದಳಲ್ಲ, ಲೋಕದಲ್ಲಿ ನನ್ನನ್ನ ನಂಬಿದ್ದವಳು ಅವಳೊಬ್ಬಳೇ ಅಲ್ಲವಾ, ಅಂದುಕೊಳ್ಳುತ್ತ ಕೋಟಿನ ಸುಕ್ಕು ನೀವಿದ.

ಮನೆ ತಲುಪಿದಾಗ ಹನ್ನೊಂದೂ ಐವತ್ತು. ಅಕ್ಕ ಜಗುಲಿಯ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು.

ಟೇಲರ್ ಅವಳ ಕಾಲ ಬುಡದಲ್ಲೇ ಕುಸಿದ. “ತಪ್ಪಾಯ್ತಕ್ಕ. ನನ್ನ ಮುಖ ನೋಡಬೇಡ ನೀನು. ಇದನ್ನ ಅವಳಿಗೆ ಕೊಟ್ಟು ನಾನು ಹೊರಟುಬಿಡ್ತೀನಿ. ಮತ್ತೆ ಈ ಹೊಸಿಲು ತುಳಿಯಲ್ಲ.”

“ಹೊಸಿಲು ಆಮೇಲೆ ತುಳಿಯುವಿಯಂತೆ. ಮೊದಲು ಕೈಕಾಲು ತೊಳ್ಕೋ,” ಅಂದಳು ಅಕ್ಕ, ದಿಂಬಿನ ಚೀಲ ಕೊಡವುತ್ತ. “ಅವಳು ಒಳಗೆ ತಲೆ ಒಣಗಿಸ್ಕೋತಿದ್ದಾಳೆ.”

“ತಲೆ ಒಣಗಿಸ್ಕೋತಿದ್ದಾಳಾ? ಪ್ರಮಾಣವಚನ?”

“ನಾಳೆ.”

“ಬುಧವಾರ ಅಂದಿದ್ದೆ!”

“ಗುರುವಾರ ಕಣೋ. ನಿನಗೆ ಮಾತ್ರ ಬುಧವಾರ ಅಂದೆ.”

ಟೇಲರ್‌ಗೆ ಮೊದಲು ನೆಲ ಸಿಕ್ಕಿದ ಹಾಗಾಯಿತು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. “ಒಡಹುಟ್ಟಿದ ತಮ್ಮನಿಗೆ ಸುಳ್ಳು ಹೇಳ್ತೀಯಾ? ಅಲ್ಲಕ್ಕ, ವಿಮಾನದ ಬಾಗಿಲು ತೆಗೀರಿ ಅಂತ ಜಗಳ ಆಡಿದೆ! ಅಜ್ಜಿಯೊಬ್ಬಳ ಮಂಡಿ ಮುರಿಯೋದಿತ್ತು! ಕತ್ತರಿ ಹೋಯ್ತು! ದಾರಿಯುದ್ದಕ್ಕೂ ಜೀವ ಬಾಯಿಗೆ ಬಂದಿತ್ತು! ಒಂದು ಮಾತು ನಿಜ ಹೇಳಿದ್ದರೆ ಗಂಟೇನು ಹೋಗ್ತಿತ್ತು?”

“ಯಾಕೋ, ನಿನ್ನ ಕಸುಬೇ ಅಲ್ಲವೇನೋ ಅದು? ಒಳಗಡೆ ಒಂದಿಂಚು ಬಿಟ್ಟು ಹೊಲಿಯೋದು. ನಿನಗೆ ಅಂತ ನಾನೂ ಒಂದು ದಿನ ಒಳಗೆ ಬಿಟ್ಟಿದ್ದೆ.”

ಟೇಲರ್ ಎದ್ದ. ನಡುಮನೆಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತ. ಎದುರಿಗೆ ಅದೇ ಫೋಟೋ. ಕೈಗಳಿಲ್ಲದ ಅಕ್ಕ ಅವನನ್ನೇ ನೋಡುತ್ತಿದ್ದಳು. ಅವನ ಸಿಟ್ಟು ಹಾಗೇ ಇಳಿದುಹೋಯಿತು.

ಅಷ್ಟರಲ್ಲಿ ಹುಡುಗಿ ಒದ್ದೆ ಕೂದಲಲ್ಲೇ ಓಡಿ ಬಂದು, “ಮಾವಾ, ಒಂದು ದಿನ ಮುಂಚೆಯೇ ತಂದುಬಿಟ್ರಾ!” ಅಂತ ಕುಣಿದಳು. ಒಂದು ದಿನ ಮುಂಚೆ! ಮೂವತ್ತು ವರ್ಷದಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಟೇಲರ್ ಎದೆ ಸೆಟೆಸಿ, ಇದೇನು ಮಹಾ ಅನ್ನುವ ಹಾಗೆ ಕೈ ಆಡಿಸಿದ.

ಕೋಟು ತೊಡಿಸಿ ನೋಡಿದರೆ ಭುಜ ಅಚ್ಚುಕಟ್ಟಾಗಿ ಕೂತಿತ್ತು, ಸೊಂಟ ಮಾತ್ರ ಬಿಗಿಯಾಗಿತ್ತು. ಐದು ತಿಂಗಳು ಕೂತು ಓದಿ ಹುಡುಗಿಗೆ ಸ್ವಲ್ಪ ಮೈ ಬಂದಿತ್ತು. “ಅದಕ್ಕೇ ಒಳಗೆ ಬಿಟ್ಟಿರೋದು,” ಅಂತ ಟೇಲರ್ ಅಕ್ಕನ ತರಕಾರಿ ಚಾಕುವಿನಿಂದ ಹೊಲಿಗೆ ಬಿಚ್ಚಿ ಕೂತ. ಅದು ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಮಧ್ಯೆ ಊಟ, ಮಾತು, ವಿಮಾನದ ಕಥೆ ಎರಡು ಸಲ; ಎದುರು ಮನೆಯವರು ಬಂದಾಗ ಮೂರನೇ ಸಲ.

“ಮಾವ, ಬಲ ತೋಳಲ್ಲಿ ಒಂದು ಗುಂಡಿ ಇಲ್ಲ,” ಅಂದಳು ಹುಡುಗಿ. “ಅಂಗಡಿ ಬೀದಿ ಕೊನೇಲೇ ಇದೆ. ತಂದುಕೊಡ್ಲಾ?”

“ನಾನೇ ಹೋಗಿ ನೋಡಿ ತರಬೇಕು. ಈ ಹತ್ತಕ್ಕೆ ಹೊಂದಬೇಕಲ್ಲ. ಪ್ರಮಾಣವಚನ ಹನ್ನೊಂದಕ್ಕೆ ತಾನೆ? ಬೆಳಿಗ್ಗೆ ಎರಡು ನಿಮಿಷದ ಕೆಲಸ. ಬೇಕಾದಷ್ಟು ಹೊತ್ತಿದೆ!”

ಬೇಕಾದಷ್ಟು ಹೊತ್ತಿದೆ ಅನ್ನುವ ಮಾತು ಅಡುಗೆಮನೆಯಲ್ಲಿದ್ದ ಅಕ್ಕನ ಕಿವಿಗೆ ಬಿತ್ತು. ಅವಳು ಅಲ್ಲಿಂದಲೇ ಕೂಗಿದಳು: “ಹನ್ನೊಂದಲ್ಲ ಕಣೋ, ಒಂಬತ್ತು. ಎಂಟೂವರೆಗೆಲ್ಲ ಅಲ್ಲಿರಬೇಕು!”

ಬೆಳಿಗ್ಗೆ ಎಂಟೂವರೆಗೆ ಅವರು ಕೋರ್ಟಿನ ಪಡಸಾಲೆಯಲ್ಲಿದ್ದರು. ಗುಂಡಿಯ ಅಂಗಡಿ ತೆರೆಯುವುದೇ ಹತ್ತಕ್ಕೆ. ಪಡಸಾಲೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಒಬ್ಬ ಜವಾನ ಮಾತ್ರ ಮೇಜು ಒರೆಸುತ್ತಿದ್ದ.

“ನ್ಯಾಯಾಧೀಶರು ಎಷ್ಟು ಹೊತ್ತಿಗೆ ಬರ್ತಾರೆ?” ಅಂತ ಟೇಲರ್ ಕೇಳಿದ.

“ಬಂದೇಬಿಟ್ಟರು ಸ್ವಾಮಿ, ಇನ್ನೇನು,” ಅಂದ ಜವಾನ.

ಒಂಬತ್ತಾಯಿತು, ಹತ್ತಾಯಿತು. ಗುಂಡಿಗೆ ಅಂತ ಹೊರಗೆ ಓಡೋಣವೆಂದರೆ, ಆ ಗಳಿಗೆಗೇ ಕರೆದುಬಿಟ್ಟರೆ? ಅಕ್ಕನ ಕಡೆ ನೋಡಿದ. ಅಕ್ಕ ಗೋಡೆಯ ಕಡೆ ನೋಡಿದಳು. ಟೇಲರ್‌ಗೆ ಅನುಮಾನ ಬಂತು.

“ಅಕ್ಕಾ, ನಿಜ ಹೇಳು. ಒಂಬತ್ತು ಅಂದದ್ದು ಮೈಯಳತೆಯೋ, ಒಳಗೆ ಬಿಟ್ಟಿದ್ದೂ ಸೇರಿಯೋ?”

“ಸುಮ್ಮನೆ ಕೂತ್ಕೊಳ್ಳೋ.”

ಜನರನ್ನು ಮೂವತ್ತು ವರ್ಷ ಕಾಯಿಸಿದ್ದ ಮನುಷ್ಯ, ಅವತ್ತು ಎರಡೂವರೆ ಗಂಟೆ ಮರದ ಬೆಂಚಿನ ಮೇಲೆ ಕಾದ. ಜವಾನನನ್ನು ಹನ್ನೆರಡು ಸಲ ಕೇಳಿದ. ಹನ್ನೆರಡು ಸಲವೂ, “ಇನ್ನೇನು, ಬಂದೇಬಿಟ್ಟರು.” ಕೊನೆಗೆ ತಡೆಯಲಾರದೆ ಎದ್ದು ನಿಂತು ಗುಡುಗಿದ: “ಏನ್ರೀ, ಮನುಷ್ಯರಿಗೆ ಒಂದು ಮಾತು ಅಂತ ಬೇಡವಾ? ಹೊತ್ತು ಅಂದರೆ ಹೊತ್ತು! ಕಾಯೋರ ಹೊಟ್ಟೆ ಉರಿ ನಿಮಗೇನು ಗೊತ್ತು!”

ಅಕ್ಕ ತಲೆ ಎತ್ತಿ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಮೆಲ್ಲಗೆ ಕೂತುಕೊಂಡ.

ಹನ್ನೊಂದಕ್ಕೆ ಸರಿಯಾಗಿ ನ್ಯಾಯಾಧೀಶರು ಬಂದರು. ಹೊಸ ವಕೀಲರು ಸಾಲಾಗಿ ನಿಂತರು. ಕೆಲವರ ಕೋಟು ಭುಜದಿಂದ ಜೋತಿತ್ತು, ಕೆಲವರದು ಬೆನ್ನಲ್ಲಿ ಉಬ್ಬಿತ್ತು. ನಡುವೆ ನಿಂತ ಒಬ್ಬಳ ಕೋಟು ಮಾತ್ರ ಅವಳ ಜೊತೆಗೇ ಹುಟ್ಟಿದ ಹಾಗಿತ್ತು. ಹುಡುಗಿ ಬಲಗೈ ಎತ್ತಿದಳು. ಕೈ ಎತ್ತಿದರೂ ತೋಳು ಜಾರಲಿಲ್ಲ, ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು. ಐದು ಬೆರಳೂ ಕಾಣುತ್ತಿದ್ದವು.

ಅಕ್ಕ ಆ ಕೈಯನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. “ತೋಳು ಚೆನ್ನಾಗಿ ಬಂದಿದೆ ಕಣೋ,” ಅಂದಳು, ಮೆತ್ತಗೆ. ಇಪ್ಪತ್ತಾರು ವರ್ಷದಿಂದ ಅವನು ಕಾಯುತ್ತಿದ್ದ ಮಾತು ಅದು. ಟೇಲರ್ ಮೂಗು ಒರೆಸಿಕೊಂಡ.

ಅಷ್ಟರಲ್ಲಿ ಅಕ್ಕ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. ಮುಂದಕ್ಕೆ ಬಾಗಿ ನೋಡಿದಳು. ಎತ್ತಿದ ಆ ತೋಳಿನಲ್ಲಿ ಮೂರು ಗುಂಡಿ ಹೊಳೆಯುತ್ತಿದ್ದವು. ನಾಲ್ಕನೆಯ ಜಾಗದಲ್ಲಿ ಗುರುತಿಗೆ ಹಾಕಿದ್ದ ಒಂದು ಚೂರು ದಾರ ನೇತಾಡುತ್ತಿತ್ತು. ನ್ಯಾಯಾಧೀಶರು, ವಕೀಲರು, ಇಡೀ ಸಭೆಯ ಎದುರಿಗೆ.

“ಏನೋ ಅದು?” ಅಂದಳು, ಹಲ್ಲು ಕಚ್ಚಿಕೊಂಡು.

ಟೇಲರ್ ಅಕ್ಕನ ಕಿವಿಯ ಹತ್ತಿರ ಬಾಗಿ, ಅತ್ಯಂತ ವಿನಯದಿಂದ ಹೇಳಿದ:

“ಇನ್ನೇನಕ್ಕ, ಆಗೇಹೋಯ್ತು. ಗುಂಡಿ ಹಚ್ಚೋದೊಂದೇ ಬಾಕಿ.”

ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಗಳ ಮೇಲಿನ ಅಕ್ಕರೆಗೆ ಅಳುತ್ತಿದ್ದಾಳೆ ಅಂದುಕೊಂಡ ಜವಾನ, ಓಡಿ ಹೋಗಿ ಒಂದು ಲೋಟ ನೀರು ತಂದುಕೊಟ್ಟ.